ಪ್ಲಸ್ಸೋ ಮೈನಸ್ಸೋ? ಕಿರ್ಚಾಫ್ ನಿಯಮ ಹಾಕಿ ಸರ್ಕ್ಯೂಟ್ ಬಿಡಿಸುವುದು ಹೇಗೆ

ಸೆಕೆಂಡ್ ಪಿಯುಸಿಯವರು, ಡಿಪ್ಲೊಮಾದವರು, ಎಂಜಿನಿಯರಿಂಗ್ ಮೊದಲ ವರ್ಷದವರು ಎಲ್ಲರೂ ತಿರುಗಿಸಿ ಮುರುಗಿಸಿ ಕೇಳುವುದು ಒಂದೇ ಪ್ರಶ್ನೆ: "ಇಲ್ಲಿ ಮೈನಸ್ ಯಾಕೆ ಬಂತು?" ನಿಯಮ ಎರಡೂ ಬಾಯಿಗೆ ಬರುತ್ತವೆ. ಲೆಕ್ಕಕ್ಕೆ ಕೂತ ಮೇಲೆ ಮಾತ್ರ ಚಿಹ್ನೆ ಕೈಕೊಡುತ್ತದೆ, ಉತ್ತರ ಪುಸ್ತಕದ ಹಿಂದಿನ ಪುಟಕ್ಕೆ ಹೊಂದುವುದಿಲ್ಲ, ಎಲ್ಲಿ ತಪ್ಪಿತು ಅಂತಲೂ ಗೊತ್ತಾಗುವುದಿಲ್ಲ. ಅದಕ್ಕೇ ಒಂದೇ ಸರ್ಕ್ಯೂಟ್ ಇಟ್ಟುಕೊಂಡು ಮೊದಲಿಂದ ಕೊನೆಯವರೆಗೆ ಬಿಡಿಸೋಣ. ಓದುತ್ತಾ ಹೋಗಬೇಡಿ, ಪೆನ್ನು ಹಾಳೆ ತಗೊಳ್ಳಿ. ಓಮ್ ನಿಯಮ (ವೋಲ್ಟೇಜ್ = ಕರೆಂಟ್ × ರೆಸಿಸ್ಟನ್ಸ್) ಮತ್ತು ಎರಡು ಅಜ್ಞಾತಗಳ ಸಮೀಕರಣ ಬಿಡಿಸಲು ಬಂದರೆ ಸಾಕು.

ಶುರು ಮಾಡುವ ಮುಂಚೆ ನಾಲ್ಕು ಮಾತು

ನೋಡ್ ಅಂದರೆ ಮೂರು ಅಥವಾ ಅದಕ್ಕಿಂತ ಹೆಚ್ಚು ವೈರುಗಳು ಕೂಡುವ ಜಾಗ. ಬ್ರಾಂಚ್ ಅಂದರೆ ಒಂದು ನೋಡ್‌ನಿಂದ ಇನ್ನೊಂದು ನೋಡ್‌ಗೆ ಹೋಗುವ ದಾರಿ, ಅದರಲ್ಲಿ ಬ್ಯಾಟರಿಯೋ ರೆಸಿಸ್ಟರೋ ಇರುತ್ತದೆ. ಲೂಪ್ ಅಂದರೆ ಹೊರಟಲ್ಲಿಗೇ ವಾಪಸ್ ಬರುವ ಸುತ್ತು.

ಕೆಸಿಎಲ್, ಅಂದರೆ ಕಿರ್ಚಾಫ್‌ನ ಕರೆಂಟ್ ನಿಯಮ: ಒಂದು ನೋಡ್‌ಗೆ ಬಂದ ಕರೆಂಟೆಲ್ಲ ಅಲ್ಲಿಂದ ಹೊರಗೆ ಹೋಗಲೇಬೇಕು. ಚಾರ್ಜ್ ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ, ನೋಡ್‌ನಲ್ಲಿ ಗುಡ್ಡೆ ಬೀಳುವುದೂ ಇಲ್ಲ. ಕೆವಿಎಲ್, ಅಂದರೆ ವೋಲ್ಟೇಜ್ ನಿಯಮ: ಯಾವುದೇ ಲೂಪನ್ನು ಪೂರ್ತಿ ಸುತ್ತಿ ಬಂದರೆ ಏರಿದ ವೋಲ್ಟೇಜೂ ಇಳಿದ ವೋಲ್ಟೇಜೂ ಸಮ. ಇದರ ಹಿಂದಿರುವುದು ಶಕ್ತಿಯ ಲೆಕ್ಕ. ಒಂದು ಕೂಲಂಬ್ ಚಾರ್ಜ್ ಸುತ್ತು ಹಾಕಿ ಬಂದಾಗ ಬಿಟ್ಟಿ ಶಕ್ತಿ ಗಿಟ್ಟುವುದಿಲ್ಲ.

ಗುಸ್ಟಾವ್ ಕಿರ್ಚಾಫ್ ಇದನ್ನು ಬರೆದದ್ದು 1845ರಲ್ಲಿ, ಕೋನಿಗ್ಸ್‌ಬರ್ಗ್‌ನಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದಾಗ. ಶಕ್ತಿ ಸಂರಕ್ಷಣೆ ಬಗ್ಗೆ ಹೆಲ್ಮ್‌ಹೋಲ್ಟ್ಸ್‌ನ ಹೆಸರಾಂತ ಪ್ರಬಂಧ ಬಂದದ್ದು 1847ರಲ್ಲಿ. "ಶಕ್ತಿ ಸಂರಕ್ಷಣೆಯಿಂದ ಕೆವಿಎಲ್ ಹುಟ್ಟಿತು" ಅಂತ ನೋಟ್ಸಿನಲ್ಲಿ ಬರೆಸುತ್ತಾರಲ್ಲ, ತರ್ಕಕ್ಕೆ ಅದು ಸರಿ, ಇತಿಹಾಸಕ್ಕಲ್ಲ. ಕಿರ್ಚಾಫ್ ಹೊರಟದ್ದು ಓಮ್‌ನ ಕೆಲಸದಿಂದ.

ನಮ್ಮ ಸರ್ಕ್ಯೂಟ್

ಹಾಳೆಯಲ್ಲಿ ಪಕ್ಕಪಕ್ಕ ಮೂರು ನಿಂತ ಗೆರೆ ಎಳೆಯಿರಿ. ಮೇಲಿನ ತುದಿಗಳನ್ನು ಒಂದು ಅಡ್ಡಗೆರೆಯಿಂದ ಸೇರಿಸಿ, ಕೆಳಗಿನವನ್ನು ಇನ್ನೊಂದರಿಂದ. ಎಡಗೆರೆಯಲ್ಲಿ 12 ವೋಲ್ಟ್ ಬ್ಯಾಟರಿ ಮತ್ತು 2 ಓಮ್ ರೆಸಿಸ್ಟರ್. ಬಲಗೆರೆಯಲ್ಲಿ 8 ವೋಲ್ಟ್ ಬ್ಯಾಟರಿ ಮತ್ತು 1 ಓಮ್. ಎರಡೂ ಬ್ಯಾಟರಿಗಳ ಪ್ಲಸ್ ಮೇಲ್ಮುಖ. ನಡುಗೆರೆಯಲ್ಲಿ ಬರೀ 6 ಓಮ್, ಅದು ನಮ್ಮ ಲೋಡ್. ಎರಡು ಬ್ಯಾಟರಿ ಸೇರಿ ಒಂದು ಲೋಡ್ ನಡೆಸುತ್ತಿವೆ ಅಂತ ಕಾಣುತ್ತದೆ. ನಿಜವಾಗಿ ಹಾಗಿದೆಯಾ, ನೋಡೋಣ.

ಹಂತ 1: ನೋಡ್‌ಗಳನ್ನು ಎಣಿಸಿ

ಮೇಲಿನ ಅಡ್ಡಗೆರೆ ಪೂರ್ತಿ ಒಂದೇ ನೋಡ್. ಕೆಳಗಿನದು ಪೂರ್ತಿ ಇನ್ನೊಂದು. ಮೇಲೆ ಮೂರು ಕಡೆ ವೈರು ಕೂಡಿವೆ ಅಂತ ಮೂರು ನೋಡ್ ಎಣಿಸುವವರು ಬಹಳ ಜನ. ನಡುವೆ ಬರೀ ವೈರಿದ್ದರೆ ಅಲ್ಲಿ ವೋಲ್ಟೇಜ್ ಬದಲಾಗುವುದಿಲ್ಲ, ಹಾಗಾಗಿ ಅದೆಲ್ಲ ಒಂದೇ. ಚಿತ್ರ ಗೋಜಲಾಗಿದ್ದರೆ ಒಂದೊಂದು ನೋಡ್‌ಗೆ ಒಂದೊಂದು ಬಣ್ಣ ಹಚ್ಚಿ. ವೈರಿನ ಉದ್ದಕ್ಕೂ ಬಣ್ಣ ಹರಿಯಬೇಕು, ಬ್ಯಾಟರಿಯೋ ರೆಸಿಸ್ಟರೋ ಎದುರಾದಾಗ ನಿಲ್ಲಬೇಕು. ಚಿಕ್ಕ ಮಕ್ಕಳ ಕೆಲಸ ಅನ್ನಿಸಬಹುದು, ಆದರೆ ಬ್ರಿಡ್ಜ್ ಸರ್ಕ್ಯೂಟ್ ಬಂದಾಗ ಕೈಹಿಡಿಯುವುದು ಇದೇ.

ಕೆಳಗಿನ ನೋಡ್ ಅನ್ನು ಸೊನ್ನೆ ವೋಲ್ಟ್ ಅಂತ ಇಟ್ಟುಕೊಳ್ಳಿ. ಮೇಲಿನದನ್ನು ಪಿ ಅನ್ನೋಣ.

ಹಂತ 2: ಬಾಣ ಹಾಕಿ, ಆಮೇಲೆ ಮುಟ್ಟಬೇಡಿ

ಎಡಗೆರೆಯಲ್ಲಿ ಕರೆಂಟ್ ಮೇಲಕ್ಕೆ: I₁. ಬಲಗೆರೆಯಲ್ಲೂ ಮೇಲಕ್ಕೆ: I₂. ನಡುಗೆರೆಯಲ್ಲಿ ಕೆಳಕ್ಕೆ: I₃.

"ಕರೆಂಟ್ ನಿಜವಾಗಿ ಯಾವ ಕಡೆ ಹೋಗುತ್ತೋ ಗೊತ್ತಿಲ್ಲವಲ್ಲ, ಬಾಣ ಹೇಗೆ ಹಾಕೋದು?" ಗೊತ್ತಿರಬೇಕಾಗಿಯೇ ಇಲ್ಲ. ಬಾಣ ನೀವು ಹಾಕಿಕೊಂಡ ಅಳತೆಯ ದಿಕ್ಕು ಅಷ್ಟೆ. ನಿಜವಾದ ಕರೆಂಟ್ ಉಲ್ಟಾ ಇದ್ದರೆ ಉತ್ತರ ಮೈನಸ್ ಬರುತ್ತದೆ, ಮುಗೀತು. ತಪ್ಪು ಬಾಣ ಅನ್ನುವುದು ಇಲ್ಲವೇ ಇಲ್ಲ. ತಪ್ಪಾಗುವುದು ನಡುದಾರಿಯಲ್ಲಿ ಬಾಣ ತಿರುಗಿಸಿದಾಗ. ಎರಡನೇ ಲೂಪ್‌ಗೆ ಬರುವಷ್ಟರಲ್ಲಿ "ಇದು ಈ ಕಡೆ ಹೋಗಬೇಕಲ್ವಾ" ಅನ್ನಿಸಿ, ರಬ್ಬರಿನಿಂದ ಉಜ್ಜಿ, ಬಾಣ ತಿರುಗಿಸಿ, ಮೊದಲಿನ ಸಮೀಕರಣವನ್ನು ಹಾಗೇ ಬಿಟ್ಟರೆ ಲೆಕ್ಕ ಅಲ್ಲಿಗೆ ಕೆಟ್ಟಿತು. ಚಿಹ್ನೆಯ ತಪ್ಪುಗಳಲ್ಲಿ ಮುಕ್ಕಾಲು ಪಾಲು ಇದೇ ಅನ್ನುವುದು ನನ್ನ ಅನಿಸಿಕೆ. ಬಾಣವನ್ನು ಪೆನ್ನಿನಲ್ಲೇ ಹಾಕಿ.

ಹಂತ 3: ಕೆಸಿಎಲ್ ಬರೆಯಿರಿ

ಪಿ ನೋಡ್‌ಗೆ I₁ ಬರುತ್ತದೆ, I₂ ಬರುತ್ತದೆ, I₃ ಹೋಗುತ್ತದೆ:

I₁ + I₂ = I₃

ಕೆಳಗಿನ ನೋಡ್‌ಗೂ ಬರೆಯಬಹುದು, ಬರುವುದು ಇದೇ ಸಮೀಕರಣ. ನೋಡ್‌ಗಳ ಸಂಖ್ಯೆಗಿಂತ ಒಂದು ಕಡಿಮೆ ಕೆಸಿಎಲ್ ಸಮೀಕರಣ ಸಾಕು. ಜಾಸ್ತಿ ಬರೆದರೆ ಕೊನೆಗೆ "0 = 0" ಅಂತ ಬಂದು ತಲೆ ಕೆಡುತ್ತದೆ.

ಹಂತ 4: ಲೂಪ್ ಸುತ್ತಿ

ಇಲ್ಲಿ ಎಷ್ಟೋ ಪುಸ್ತಕಗಳು ನಾಲ್ಕೈದು ಚಿಹ್ನೆ ನಿಯಮ ಕೊಡುತ್ತವೆ. ಅದನ್ನೆಲ್ಲ ಬಾಯಿಪಾಠ ಮಾಡಬೇಡಿ. ಎರಡು ವಿಷಯ ನೋಡಿದರೆ ಆಯಿತು. ಬ್ಯಾಟರಿಯನ್ನು ಮೈನಸ್ ಕಡೆಯಿಂದ ಹೊಕ್ಕು ಪ್ಲಸ್ ಕಡೆ ಹೊರಬಂದರೆ ವೋಲ್ಟೇಜ್ ಏರಿತು, ಪ್ಲಸ್. ರೆಸಿಸ್ಟರನ್ನು ಬಾಣದ ಜೊತೆಗೇ ದಾಟಿದರೆ ಇಳಿಯಿತು, ಮೈನಸ್. ಎದುರು ದಿಕ್ಕಿನಲ್ಲಿ ನಡೆದರೆ ಎರಡೂ ತಿರುಗುತ್ತವೆ. ಬ್ಯಾಟರಿಯ ವಿಷಯದಲ್ಲಿ ಬಾಣ ನೋಡಲೇಬೇಡಿ, ತುದಿಗಳನ್ನು ಮಾತ್ರ ನೋಡಿ. ಕರೆಂಟ್ ಎತ್ತ ಹರಿದರೂ 12 ವೋಲ್ಟ್ ಬ್ಯಾಟರಿಯ ಪ್ಲಸ್ ತುದಿ ಪ್ಲಸ್ಸೇ.

ಎಡ ಕಿಟಕಿ: ಕೆಳಗಿಂದ ಹೊರಟು ಎಡಗೆರೆಯಲ್ಲಿ ಹತ್ತಿ, ನಡುಗೆರೆಯಲ್ಲಿ ಇಳಿಯಿರಿ.

12 − 2I₁ − 6I₃ = 0

ಬಲ ಕಿಟಕಿ: ಬಲಗೆರೆಯಲ್ಲಿ ಹತ್ತಿ, ನಡುಗೆರೆಯಲ್ಲಿ ಇಳಿಯಿರಿ.

8 − 1I₂ − 6I₃ = 0

ಮೊದಲನೆಯದನ್ನು ಗಡಿಯಾರದ ದಿಕ್ಕಿನಲ್ಲಿ ಸುತ್ತಿದೆವು, ಎರಡನೆಯದನ್ನು ಅದಕ್ಕೆ ಎದುರಾಗಿ. ಏನೂ ತೊಂದರೆಯಿಲ್ಲ. ಸುತ್ತುವ ದಿಕ್ಕನ್ನು ಲೂಪ್‌ಗೊಂದರಂತೆ ಬದಲಾಯಿಸಬಹುದು, ಬಾಣವನ್ನು ಮಾತ್ರ ಬದಲಾಯಿಸುವ ಹಾಗಿಲ್ಲ.

ಹೊರಗಿನ ದೊಡ್ಡ ಲೂಪೂ ಇದೆಯಲ್ಲ? ಬರೆದು ನೋಡಿ: 12 − 2I₁ + 1I₂ − 8 = 0. ಇದು ಮೇಲಿನ ಎರಡನ್ನು ಕಳೆದಾಗ ಬರುವುದೇ, ಹೊಸದಾಗಿ ಏನನ್ನೂ ಹೇಳುವುದಿಲ್ಲ. ಆದ್ದರಿಂದ ಒಂದರ ಮೇಲೊಂದು ಬೀಳದ ಸಣ್ಣ ಕಿಟಕಿಗಳನ್ನು ಮಾತ್ರ ತೆಗೆದುಕೊಳ್ಳಿ. ಬ್ರಾಂಚ್ 3, ಅಜ್ಞಾತ 3, ಸಮೀಕರಣ ಕೆಸಿಎಲ್‌ನಿಂದ 1, ಕೆವಿಎಲ್‌ನಿಂದ 2. ಎಣಿಕೆ ಸರಿಹೋಯಿತು.

ಹಂತ 5: ಬಿಡಿಸಿ

I₃ ಜಾಗದಲ್ಲಿ I₁ + I₂ ಹಾಕಿ:

8I₁ + 6I₂ = 12
6I₁ + 7I₂ = 8

ಬಿಡಿಸಿದರೆ I₁ = 1.8 ಆಂಪಿಯರ್, I₂ = −0.4 ಆಂಪಿಯರ್, I₃ = 1.4 ಆಂಪಿಯರ್.

ಇದಕ್ಕಿಂತ ಬೇಗ ಆಗುವ ದಾರಿ ಇದೆ. ಪಿ ನೋಡ್‌ನ ವೋಲ್ಟೇಜ್ V ಅಂತ ಇಟ್ಟುಕೊಂಡು ಕೆಸಿಎಲ್ ಒಂದನ್ನೇ ಬರೆಯುವುದು:

(12 − V)/2 + (8 − V)/1 = V/6

6ರಿಂದ ಗುಣಿಸಿ: 36 − 3V + 48 − 6V = V, ಅಂದರೆ V = 8.4 ವೋಲ್ಟ್. ಒಂದೇ ಅಜ್ಞಾತ, ಎರಡೇ ಸಾಲು. ಇದಕ್ಕೆ ನೋಡಲ್ ವಿಧಾನ ಅನ್ನುತ್ತಾರೆ. ಪರೀಕ್ಷೆಯಲ್ಲಿ ವಿಧಾನ ನಿಮ್ಮ ಇಷ್ಟಕ್ಕೆ ಬಿಟ್ಟಿದ್ದರೆ ನೋಡ್ ಕಡಿಮೆ ಇದ್ದಾಗ ಇದನ್ನೇ ಹಿಡಿಯಿರಿ.

ರೆಸಿಸ್ಟರ್ ಕಿಲೋಓಮ್‌ನಲ್ಲಿದ್ದರೆ ಕರೆಂಟನ್ನು ಮಿಲಿಆಂಪಿಯರ್‌ನಲ್ಲೇ ಇಟ್ಟುಕೊಳ್ಳಿ, ಗುಣಿಸಿದರೆ ನೇರ ವೋಲ್ಟ್ ಬರುತ್ತದೆ. ಒಂದು ಓಮ್, ಇನ್ನೊಂದು ಕಿಲೋಓಮ್ ಬೆರೆಸಿದರೆ ಸಾವಿರ ಪಟ್ಟು ತಪ್ಪು ಖಾತ್ರಿ.

ಹಂತ 6: ಮೈನಸ್ಸನ್ನು ಓದಿ

I₂ ಮೈನಸ್ ಬಂತಲ್ಲ, ಅದನ್ನು ಅಳಿಸಿ ಪ್ಲಸ್ ಮಾಡಬೇಡಿ. ಈ ಇಡೀ ಲೆಕ್ಕದಲ್ಲಿ ತಿಳಿದುಕೊಳ್ಳಬೇಕಾದ ಸಂಗತಿ ಇರುವುದೇ ಅಲ್ಲಿ. ಪಿ ನೋಡ್ 8.4 ವೋಲ್ಟ್‌ನಲ್ಲಿದೆ, ಬಲಗಡೆಯ ಬ್ಯಾಟರಿ 8 ವೋಲ್ಟ್‌ನದು. ಹಾಗಾಗಿ ಕರೆಂಟ್ ಅದರೊಳಗೆ ಹೋಗುತ್ತಿದೆ. ಅದು ಲೋಡ್ ನಡೆಸಲು ಸಹಾಯ ಮಾಡುತ್ತಿಲ್ಲ, ತಾನೇ 0.4 ಆಂಪಿಯರ್ ಎಳೆದುಕೊಂಡು ಚಾರ್ಜ್ ಆಗುತ್ತಿದೆ. ಮನೆಯ ಇನ್ವರ್ಟರ್‌ಗೆ ಹಳೇ ಬ್ಯಾಟರಿ ಜೊತೆ ಹೊಸದನ್ನು ಪ್ಯಾರಲಲ್ ಆಗಿ ಜೋಡಿಸಬೇಡಿ ಅನ್ನುವುದಕ್ಕೆ ಒಂದು ಕಾರಣ ಇದೇ: ವೋಲ್ಟೇಜ್ ಕಡಿಮೆ ಇರುವ ಬ್ಯಾಟರಿ ಒಳ್ಳೆಯದನ್ನು ತಿನ್ನುತ್ತದೆ. ಇನ್ನು ಚಾರ್ಜ್ ಆಗದ ಸಾಮಾನ್ಯ ಸೆಲ್‌ಗಳಿಗೆ ಹೀಗೆ ಕರೆಂಟ್ ಹೊಕ್ಕರೆ ಬಿಸಿಯಾಗಿ ಸೋರಬಹುದು. ಈ ಸರ್ಕ್ಯೂಟನ್ನು ಹಾಳೆಯ ಮೇಲೆ ಮಾಡಿ, ಮೇಜಿನ ಮೇಲೆ ಬೇಡ.

ಹಂತ 7: ಪವರ್ ತಾಳೆ ನೋಡಿ

ಸಂತೆ ಮುಗಿದ ಮೇಲೆ ಕಿರಾಣಿ ಅಂಗಡಿಯವರು ಜಮಾ-ಖರ್ಚು ತಾಳೆ ನೋಡುವ ಹಾಗೆ, ಸರ್ಕ್ಯೂಟ್‌ನಲ್ಲಿ ಕೊಟ್ಟ ಪವರ್ ಎಷ್ಟು, ಖರ್ಚಾದದ್ದೆಷ್ಟು ಅಂತ ನೋಡಬೇಕು. ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ನನಗೆ ಕೇಳಿದರೆ ಉಳಿದೆಲ್ಲಕ್ಕಿಂತ ಇದೇ ಮುಖ್ಯ, ಏಕೆಂದರೆ ಪುಸ್ತಕದ ಹಿಂದಿನ ಪುಟ ನೋಡದೆಯೇ ಉತ್ತರ ಸರಿಯೋ ತಪ್ಪೋ ಗೊತ್ತಾಗುವುದು ಇಲ್ಲಿ.

ಕೊಟ್ಟದ್ದು: ಎಡ ಬ್ಯಾಟರಿ, 12 × 1.8 = 21.6 ವಾಟ್.

ಖರ್ಚು: 2 ಓಮ್‌ನಲ್ಲಿ 1.8 × 1.8 × 2 = 6.48. 1 ಓಮ್‌ನಲ್ಲಿ 0.4 × 0.4 × 1 = 0.16. 6 ಓಮ್‌ನಲ್ಲಿ 1.4 × 1.4 × 6 = 11.76. ಬಲ ಬ್ಯಾಟರಿ ನುಂಗಿದ್ದು 8 × 0.4 = 3.2. ಒಟ್ಟು 21.6 ವಾಟ್.

ಪೈಸೆಗೆ ಪೈಸೆ ಸರಿ. I₂ಗೆ ಸುಮ್ನೆ ಪ್ಲಸ್ ಹಾಕಿ ನೋಡಿ: ಬಲ ಬ್ಯಾಟರಿಯೂ 3.2 ವಾಟ್ ಕೊಟ್ಟಂತಾಗಿ ಜಮಾ 24.8, ಖರ್ಚು 18.4. ತಪ್ಪು ತಕ್ಷಣ ಸಿಕ್ಕಿಬೀಳುತ್ತದೆ.

ಒಂದು ಎಚ್ಚರಿಕೆ. ತಾಳೆಯಾಯಿತು ಅಂದರೆ ನೀವು ಬರೆದುಕೊಂಡ ಸರ್ಕ್ಯೂಟ್‌ಗೆ ಲೆಕ್ಕ ಸರಿ ಅಂತ ಅಷ್ಟೆ. ಪ್ರಶ್ನೆಯಲ್ಲಿ 2 ಓಮ್ ಇದ್ದದ್ದನ್ನು 3 ಅಂತ ಇಳಿಸಿಕೊಂಡಿದ್ದರೆ, ಬ್ಯಾಟರಿಯನ್ನೇ ತಲೆಕೆಳಗಾಗಿ ಬರೆದುಕೊಂಡಿದ್ದರೆ, ಆಗಲೂ ಚೆನ್ನಾಗಿ ತಾಳೆಯಾಗುತ್ತದೆ. ಇದರ ಹಿಂದಿರುವುದು ಟೆಲ್ಲಿಜೆನ್ ಪ್ರಮೇಯ. ನೆದರ್‌ಲ್ಯಾಂಡ್ಸ್‌ನ ಫಿಲಿಪ್ಸ್ ಕಂಪನಿಯಲ್ಲಿದ್ದ ಬರ್ನಾರ್ಡ್ ಟೆಲ್ಲಿಜೆನ್ 1952ರಲ್ಲಿ ಪ್ರಕಟಿಸಿದ್ದು. ಕೆಸಿಎಲ್, ಕೆವಿಎಲ್ ಎರಡೂ ಪಾಲನೆಯಾದರೆ ಪವರ್ ಮೊತ್ತ ತಾನಾಗಿಯೇ ಸೊನ್ನೆ ಅನ್ನುವುದು ಅದರ ಸಾರ.

ಹಂತ 8: ಮೇಜಿನ ಮೇಲೆ ಅಳೆದು ನೋಡಿ

9 ವೋಲ್ಟ್ ಬ್ಯಾಟರಿ, 1 ಕಿಲೋಓಮ್ ಮತ್ತು 2.2 ಕಿಲೋಓಮ್ ರೆಸಿಸ್ಟರ್, ಬ್ರೆಡ್‌ಬೋರ್ಡ್, ಮಲ್ಟಿಮೀಟರ್. ಬೆಂಗಳೂರಿನವರಾದರೆ ಎಸ್‌ಪಿ ರೋಡಿನಲ್ಲಿ ಎಲ್ಲ ಸಿಗುತ್ತದೆ. ಎರಡನ್ನೂ ಸೀರೀಸ್ ಆಗಿ ಜೋಡಿಸಿ. ಬ್ಯಾಟರಿ ಸರಿಯಾಗಿ 9 ವೋಲ್ಟ್ ಇದ್ದರೆ ಒಂದರ ಮೇಲೆ ಸುಮಾರು 2.8, ಇನ್ನೊಂದರ ಮೇಲೆ ಸುಮಾರು 6.2 ವೋಲ್ಟ್ ತೋರಿಸಬೇಕು. ರೆಸಿಸ್ಟರ್‌ನ ಕೊನೆಯ ಪಟ್ಟೆ ಚಿನ್ನದ ಬಣ್ಣದ್ದಾದರೆ ಅದರ ಬೆಲೆ ಶೇ 5ರಷ್ಟು ಆಚೀಚೆ ಇರಬಹುದು. ಆದ್ದರಿಂದ ಒಂದೊಂದರ ಓದು ಸ್ವಲ್ಪ ಬೇರೆ ಬಂದರೆ ಗಾಬರಿ ಬೇಡ, ಮೊತ್ತ ಮಾತ್ರ ಬ್ಯಾಟರಿಯ ವೋಲ್ಟೇಜ್‌ಗೆ ಸಮ ಇರಬೇಕು. ಬ್ಯಾಟರಿಯನ್ನೂ ಸರ್ಕ್ಯೂಟ್ ಜೋಡಿಸಿದ ಮೇಲೇ ಅಳೆಯಿರಿ. ಹಳೇ ಬ್ಯಾಟರಿಯಾದರೆ ಲೋಡ್ ಬಿದ್ದ ತಕ್ಷಣ ವೋಲ್ಟೇಜ್ ಇಳಿದಿರುತ್ತದೆ.

ಈಗ ಎರಡನ್ನೂ ತೆಗೆದು 1 ಮೆಗಾಓಮ್‌ನ ಎರಡು ರೆಸಿಸ್ಟರ್ ಹಾಕಿ. ತಲಾ 4.5 ಬರಬೇಕಲ್ವಾ? ಕಡಿಮೆ ಬೆಲೆಯ ಹಳದಿ ಮೀಟರಿನಲ್ಲಿ ಮೂರು, ಮೂರು ತೋರಿಸಬಹುದು. 3 + 3 = 6, ಬ್ಯಾಟರಿ 9! ಕೆವಿಎಲ್ ಕೈಕೊಟ್ಟಿಲ್ಲ. ಅಂಥ ಮೀಟರುಗಳ ಒಳಗಿನ ರೆಸಿಸ್ಟನ್ಸ್ ಸಾಮಾನ್ಯವಾಗಿ 1 ಮೆಗಾಓಮ್ ಇರುತ್ತದೆ. ರೆಸಿಸ್ಟರ್ ಮೇಲೆ ಪ್ರೋಬ್ ಇಟ್ಟ ಕೂಡಲೇ ಅದಕ್ಕೆ ಪ್ಯಾರಲಲ್ ಆಗಿ ಇನ್ನೊಂದು ಬ್ರಾಂಚ್ ಸೇರಿತು, 1 ಮೆಗಾಓಮ್ ಹೋಗಿ ಅರ್ಧ ಆಯಿತು, ನೀವು ಅಳೆದದ್ದು ಬೇರೆಯೇ ಸರ್ಕ್ಯೂಟನ್ನು. 10 ಮೆಗಾಓಮ್ ಮೀಟರ್ ಆದರೆ ತಲಾ ಸುಮಾರು 4.3 ತೋರಿಸುತ್ತದೆ. ಹಾಗಾಗಿ ಮೀಟರನ್ನೂ ಚಿತ್ರದಲ್ಲಿ ಒಂದು ರೆಸಿಸ್ಟರ್ ಆಗಿ ಬರೆದುಬಿಡಿ, ಲೆಕ್ಕ ಕೂಡುತ್ತದೆ.

ಕರೆಂಟ್ ಅಳೆಯುವಾಗ ಮೀಟರ್ ಸೀರೀಸ್‌ನಲ್ಲಿರಬೇಕು. ಅಳೆದು ಮುಗಿಸಿ ಕೆಂಪು ಪ್ರೋಬನ್ನು 10 ಆಂಪಿಯರ್ ತೂತಿನಲ್ಲೇ ಮರೆತು ಬ್ಯಾಟರಿಯ ವೋಲ್ಟೇಜ್ ನೋಡಲು ಹೋದರೆ ಅದು ಶಾರ್ಟ್ ಸರ್ಕ್ಯೂಟ್. ಅಗ್ಗದ ಮೀಟರುಗಳಲ್ಲಿ ಆ ತೂತಿಗೆ ಎಷ್ಟೋ ಸಲ ಫ್ಯೂಸೇ ಇರುವುದಿಲ್ಲ. ಮನೆಯ 230 ವೋಲ್ಟ್ ಲೈನಿನ ಹತ್ತಿರ ಈ ಪ್ರಯೋಗ ಯಾವುದೂ ಬೇಡ.

ಎಸಿಯಲ್ಲಿ ಕೂಡುವ ಲೆಕ್ಕ ಬೇರೆ

ಹಳೇ ಚೋಕ್ ಇರುವ 40 ವಾಟ್ ಟ್ಯೂಬ್‌ಲೈಟ್ ತೆಗೆದುಕೊಳ್ಳಿ. ಟ್ಯೂಬಿನ ಮೇಲೆ ಸುಮಾರು 100 ವೋಲ್ಟ್, ಚೋಕಿನ ಮೇಲೆ ಸುಮಾರು 200 ವೋಲ್ಟ್. ಕೂಡಿದರೆ 300, ಲೈನ್ ಇರುವುದು 230! ಎರಡು ವೋಲ್ಟೇಜ್ ಒಂದೇ ಹೊತ್ತಿಗೆ ತುದಿ ಮುಟ್ಟುವುದಿಲ್ಲ. ಮೀಟರ್ ತೋರಿಸುವುದು ಆರ್‌ಎಂಎಸ್, ಅಂದರೆ ಒಂದು ಬಗೆಯ ಸರಾಸರಿ ಅಳತೆ. ಕೆವಿಎಲ್ ಪ್ರತಿ ಕ್ಷಣದ ವೋಲ್ಟೇಜ್‌ಗೆ ಸರಿ, ಮೀಟರಿನ ಓದುಗಳನ್ನು ಹಾಗೇ ಕೂಡುವುದಕ್ಕಲ್ಲ. ರೆಸಿಸ್ಟರ್ ಮೇಲೆ 30 ವೋಲ್ಟ್, ಶುದ್ಧ ಕಾಯಿಲ್ ಮೇಲೆ 40 ವೋಲ್ಟ್ ಇದ್ದರೆ ಒಟ್ಟು 50, ಪೈಥಾಗೊರಸ್ ಲೆಕ್ಕ. ಎಸಿ ವೋಲ್ಟೇಜ್‌ಗಳನ್ನು ಬಾಣಗಳಂತೆ ಬರೆದು ಕೂಡುವ ಫೇಸರ್ ಪಾಠ ಇರುವುದೇ ಇದಕ್ಕೆ.

ನಿಮ್ಮ ಮನೆಯ ಕೆಸಿಎಲ್ ಕಾವಲುಗಾರ

ಕೆಸಿಎಲ್ ಬರೀ ಒಂದು ಬಿಂದುವಿಗಲ್ಲ, ಸರ್ಕ್ಯೂಟ್‌ನ ಯಾವ ಭಾಗದ ಸುತ್ತ ಗೆರೆ ಎಳೆದರೂ ಅನ್ವಯಿಸುತ್ತದೆ. ಇಡೀ ಮನೆಯ ಸುತ್ತ ಎಳೆದುಬಿಡಿ. ಫೇಸ್‌ನಲ್ಲಿ ಒಳಗೆ ಬಂದಷ್ಟೂ ಕರೆಂಟ್ ನ್ಯೂಟ್ರಲ್‌ನಲ್ಲಿ ವಾಪಸ್ ಹೋಗಬೇಕು. ಹೋಗದಿದ್ದರೆ ಬೇರೆ ಯಾವುದೋ ದಾರಿ ಹಿಡಿದಿದೆ: ಗೀಸರ್ ಬಾಡಿಯಿಂದ ಅರ್ಥ್‌ಗೆ, ಇಲ್ಲವೇ ಯಾರದೋ ಮೈಮೂಲಕ ನೆಲಕ್ಕೆ. ಬೋರ್ಡಿನಲ್ಲಿರುವ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ನೋಡುವುದು ಈ ವ್ಯತ್ಯಾಸವನ್ನೇ. ಫೇಸ್ ನ್ಯೂಟ್ರಲ್ ಎರಡೂ ಒಂದೇ ಕಾಂತೀಯ ಉಂಗುರದೊಳಗೆ ಹಾದುಹೋಗುತ್ತವೆ, ಎರಡೂ ಸಮ ಇದ್ದರೆ ಪರಿಣಾಮ ಸೊನ್ನೆ, ವ್ಯತ್ಯಾಸ ಮಿತಿ ಮೀರಿದರೆ ಟ್ರಿಪ್. ಮನೆಗಳಲ್ಲಿ ಸಾಮಾನ್ಯವಾಗಿ ಹಾಕುವುದು 30 ಮಿಲಿಆಂಪಿಯರ್‌ನದು.

"ಹೊಸ ಆರ್‌ಸಿಸಿಬಿ ಹಾಕಿಸಿದ ಮೇಲೆ ಒಂದು ರೂಮಿನ ಲೈಟ್ ಹಾಕಿದರೆ ಸಾಕು ಟ್ರಿಪ್ ಆಗುತ್ತೆ" ಅನ್ನುವ ದೂರೂ ಆಗಾಗ ಬರುತ್ತದೆ. ಲೀಕೇಜೇ ಇರಬೇಕೆಂದಿಲ್ಲ. ಆ ಲೈಟಿಗೆ ಫೇಸ್ ಆರ್‌ಸಿಸಿಬಿಯ ಮೂಲಕ ಬಂದು, ನ್ಯೂಟ್ರಲ್ ಬೇರೆ ಸರ್ಕ್ಯೂಟಿನಿಂದ ತೆಗೆದದ್ದಾದರೆ ಹೋದ ಕರೆಂಟ್ ಅದರ ಮೂಲಕ ವಾಪಸ್ ಬರುವುದಿಲ್ಲ, ಅದು ಟ್ರಿಪ್ ಆಗುತ್ತದೆ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೆ "ನ್ಯೂಟ್ರಲ್ ಮಿಕ್ಸ್ ಆಗಿದೆಯಾ ನೋಡಿ" ಅನ್ನಿ. ಬೋರ್ಡ್ ನೀವೇ ಬಿಚ್ಚಬೇಡಿ, ಆರ್‌ಸಿಸಿಬಿಯನ್ನು ಬೈಪಾಸ್ ಮಾಡಲಂತೂ ಬಿಡಲೇಬೇಡಿ.

ಅರ್ಧ ಶಕ್ತಿ ಎಲ್ಲಿ ಹೋಯಿತು?

100 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್, 10 ವೋಲ್ಟ್‌ಗೆ ಚಾರ್ಜ್ ಆಗಿದೆ. ಅಂಥದ್ದೇ ಖಾಲಿ ಕೆಪ್ಯಾಸಿಟರ್‌ಗೆ ಜೋಡಿಸುತ್ತೀರಿ. ಚಾರ್ಜ್ ಸಮನಾಗಿ ಹಂಚಿಕೊಂಡು ಎರಡೂ 5 ವೋಲ್ಟ್‌ಗೆ ಬರುತ್ತವೆ. ಚಾರ್ಜ್ ಮೊದಲೂ 1 ಮಿಲಿಕೂಲಂಬ್, ಈಗಲೂ ಅಷ್ಟೇ. ಶಕ್ತಿ ಮಾತ್ರ ಮೊದಲು 5 ಮಿಲಿಜೂಲ್, ಈಗ 2.5. ಉಳಿದರ್ಧ ವೈರಿನ ಬಿಸಿಯಲ್ಲಿ, ಕಿಡಿಯಲ್ಲಿ, ಸ್ವಲ್ಪ ರೇಡಿಯೋ ಅಲೆಯಾಗಿ ಹೋಯಿತು. ವೈರಿನ ರೆಸಿಸ್ಟನ್ಸ್ ಕಡಿಮೆ ಮಾಡಿದರೂ ನಷ್ಟ ಅಷ್ಟೇ, ಬೇಗ ಆಗುತ್ತದೆ ಅಷ್ಟೆ. ಇಂಥ ಪ್ರಶ್ನೆಯಲ್ಲಿ ಕೆಪ್ಯಾಸಿಟರ್‌ಗಳ ಶಕ್ತಿ ಉಳಿಯುತ್ತದೆ ಅಂದುಕೊಂಡು ಸಮೀಕರಣ ಬರೆದರೆ 7.07 ವೋಲ್ಟ್ ಅನ್ನುವ ತಪ್ಪು ಉತ್ತರ ಬರುತ್ತದೆ. ಯಾವಾಗಲೂ ಚಾರ್ಜ್‌ನಿಂದ ಶುರು ಮಾಡಿ.

ನಿಯಮ ನಡೆಯದ ಜಾಗ

ಲೂಪಿನ ನಡುವೆ ಬದಲಾಗುತ್ತಿರುವ ಕಾಂತಕ್ಷೇತ್ರ ಇದ್ದರೆ ಫ್ಯಾರಡೆ ನಿಯಮದ ಪ್ರಕಾರ ಆ ಸುತ್ತಿನಲ್ಲೇ ವೋಲ್ಟೇಜ್ ಹುಟ್ಟುತ್ತದೆ, ಬರೀ ರೆಸಿಸ್ಟರ್ ಬ್ಯಾಟರಿ ಎಣಿಸಿದರೆ ಮೊತ್ತ ಸೊನ್ನೆ ಬರುವುದಿಲ್ಲ. ಇನ್ನೊಂದು, ಸರ್ಕ್ಯೂಟಿನ ಗಾತ್ರ ಅಲೆಯ ಉದ್ದಕ್ಕೆ ಹತ್ತಿರವಾದಾಗ. 50 ಹರ್ಟ್ಸ್‌ಗೆ ಅಲೆಯ ಉದ್ದ 6000 ಕಿಲೋಮೀಟರ್, ಮನೆಯ ವೈರಿಂಗ್‌ಗೆ ಚಿಂತೆಯೇ ಇಲ್ಲ. 2.4 ಗಿಗಾಹರ್ಟ್ಸ್ ವೈಫೈಗೆ 12.5 ಸೆಂಟಿಮೀಟರ್. ಅಲ್ಲಿ ಒಂದೇ ವೈರಿನ ಎರಡು ತುದಿಯಲ್ಲಿ ಒಂದೇ ಕ್ಷಣಕ್ಕೆ ಬೇರೆ ಬೇರೆ ಕರೆಂಟ್ ಇರಬಹುದು. ಪಿಯುಸಿ ಲೆಕ್ಕಕ್ಕೆ ಎರಡೂ ಬೇಡ.

ಮಾಡಿ ನೋಡಲು ಎರಡು

ಒಂದು: ಬಲ ಬ್ಯಾಟರಿಯನ್ನು 9 ವೋಲ್ಟ್ ಮಾಡಿ. ಪಿ ನೋಡ್ 9 ವೋಲ್ಟ್ ಬರಬೇಕು, I₂ ಸೊನ್ನೆ, ಉಳಿದೆರಡೂ 1.5 ಆಂಪಿಯರ್. ಬ್ಯಾಟರಿ ಇದ್ದೂ ಇಲ್ಲದಂತೆ.

ಎರಡು: ಮತ್ತೆ 8 ವೋಲ್ಟ್‌ಗೇ ಬಂದು, ಅದನ್ನು ತಲೆಕೆಳಗಾಗಿ ಜೋಡಿಸಿ, ಪ್ಲಸ್ ಕೆಳಗೆ. ಬಾಣ ಮುಟ್ಟಬೇಡಿ. I₁ = 6.6, I₂ = −6.8, I₃ = −0.2 ಆಂಪಿಯರ್ ಬರಬೇಕು. ಈ ಸಲ I₂ ಮೈನಸ್ ಆದರೂ ಬಲ ಬ್ಯಾಟರಿ ಪವರ್ ಕೊಡುತ್ತಿದೆ, ಏಕೆಂದರೆ ಅದರ ಪ್ಲಸ್ ತುದಿಯೂ ಈಗ ಕೆಳಗಿದೆ. ತಾಳೆ ನೋಡಿ: ಎರಡೂ ಸೇರಿ ಕೊಟ್ಟದ್ದು 133.6 ವಾಟ್, ಅದರಲ್ಲಿ ಲೋಡಿಗೆ ತಲುಪಿದ್ದು 0.24 ವಾಟ್. ಉಳಿದದ್ದೆಲ್ಲ ಆ 2 ಓಮ್, 1 ಓಮ್ ರೆಸಿಸ್ಟರುಗಳಲ್ಲಿ ಬಿಸಿಯಾಗಿ ಹೋಯಿತು.